ಎಡಗಾಲಿನ ಸೋಲು

ಸಿನಿಮಾಗೆ ಹೋದರೆ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ನೋಡುವುದು ಕಾಲು. ನಾಯಕಿ ಅಳುತ್ತಾ ಓಡಿಬಂದಾಗ ಅಕ್ಕಪಕ್ಕದ ಸೀಟಿನವರು ಮೂಗು ಒರೆಸಿಕೊಳ್ಳುತ್ತಾರೆ. ಅಮ್ಮ ಮಾತ್ರ, ಪಾಪ, ಆ ಹುಡುಗಿಗೆ ಒಂದು ನಂಬರ್ ಸಣ್ಣ ಶೂ ಕೊಟ್ಟಿದ್ದಾರೆ, ಅದಕ್ಕೇ ಅಳು ಬಂದಿದೆ ಎನ್ನುತ್ತಾಳೆ. ಅಪ್ಪ ಶೂ ಹೊಲಿಯುವವನು. ನಾನೂ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಹದಿನಾಲ್ಕು ವರ್ಷದಿಂದ ಶೂ ಹೊಲಿಯುತ್ತಿದ್ದೇನೆ. ಅಮ್ಮ ಹೊಲಿಯುವುದಿಲ್ಲ, ಆದರೆ ನಮ್ಮಿಬ್ಬರ ಕೆಲಸದಲ್ಲಿ ತಪ್ಪು ಹುಡುಕುವ ಇಲಾಖೆ ಅವಳದೇ.

ಆದ್ದರಿಂದ ನಮ್ಮ ಶೂ ಇದ್ದ ಸಿನಿಮಾದ ಎರಡನೇ ಭಾಗ ಬಿಡುಗಡೆಯಾದ ದಿನ ನಮಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ ಎಂದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಮಧ್ಯಾಹ್ನದ ಆಟಕ್ಕೆ ಟಿಕೆಟ್ಟು. ಅಮ್ಮ ಬೆಳಿಗ್ಗೆ ಆರಕ್ಕೇ ಸೀರೆ ಉಟ್ಟು ತಯಾರಾಗಿ, ಸುಕ್ಕಾಗುತ್ತದೆಂದು ಕೂರದೆ ಓಡಾಡುತ್ತಿದ್ದಳು. ನಾನು ಒಂದೇ ಅಟ್ಟೆಗೆ ಎರಡು ಸಲ ಅಂಟು ಹಚ್ಚಿದೆ. ಅಪ್ಪ ಒಬ್ಬನೇ ಏನೂ ಆಗದವನ ಹಾಗೆ ದಾರಕ್ಕೆ ಮೇಣ ತಿಕ್ಕುತ್ತಿದ್ದ. ಆದರೆ ಅವನು ಆಗಾಗ ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಳ್ಳುವುದು ನನ್ನ ಕಣ್ಣಿಗೆ ಬಿದ್ದಿತ್ತು. ಆ ಜೇಬಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮೊದಲ ಭಾಗದ ವಿಷಯ ಹೇಳದೆ ಇದು ಅರ್ಥವಾಗುವುದಿಲ್ಲ. ಎಂಟು ವರ್ಷದ ಹಿಂದಿನ ಮಾತು. ಆ ಸಿನಿಮಾದಲ್ಲಿ ಒಂದು ಮೆಟ್ಟಿಲ ಫೈಟಿದೆ. ನಾಯಕ ಆರನೇ ಮಹಡಿಯಿಂದ ಶುರುಮಾಡಿ, ಹನ್ನೊಂದು ಜನರನ್ನು ಬಾರಿಸುತ್ತಾ ಕೆಳಗಿನ ಬಾಗಿಲವರೆಗೂ ಇಳಿದುಬರುತ್ತಾನೆ. ಕ್ಯಾಮೆರಾ ಒಂದು ಸಲವೂ ಕಣ್ಣು ಮಿಟುಕಿಸದೆ ಅವನ ಬೆನ್ನ ಹಿಂದೆಯೇ ಬರುತ್ತದೆ. ತಲೆಯಿಂದ ಹಿಮ್ಮಡಿಯವರೆಗೆ ಇಡೀ ಮನುಷ್ಯ ಕಾಣುತ್ತಾನೆ, ಪ್ರತಿ ಹೆಜ್ಜೆ ಯಾವ ಮೆಟ್ಟಿಲ ಮೇಲೆ ಬಿತ್ತು ಎಂದು ಎಣಿಸಬಹುದು. ಹಾಗೆ ಇಳಿದವನು ನಿಜವಾಗಿ ನಾಯಕನಲ್ಲ, ಅವನ ಡ್ಯೂಪು. ಎಲ್ಲರೂ ಬೆಕ್ಕು ಅಂತಲೇ ಕರೆಯುವ, ಒಂದು ಹಿಡಿ ಮೂಳೆ ಇರುವ ಮನುಷ್ಯ. ಬೆಕ್ಕಿನ ಕಾಲಲ್ಲಿದ್ದ ಕಂದು ಬಣ್ಣದ ಶೂ ಅಪ್ಪ ಹೊಲಿದದ್ದು. ಅಮ್ಮ ಆ ಸಿನಿಮಾವನ್ನು ಒಂಬತ್ತು ಸಲ ನೋಡಿದಳು. ಮೆಟ್ಟಿಲ ಫೈಟು ಬಂದಾಗಲೆಲ್ಲ ಪಕ್ಕದಲ್ಲಿ ಯಾರೇ ಇರಲಿ, ಮೊಣಕೈಯಲ್ಲಿ ತಿವಿದು, ಆ ಶೂ ನಮ್ಮನೇದು ಎನ್ನುತ್ತಿದ್ದಳು. ಹಾಗೆ ತಿವಿಸಿಕೊಂಡವರಲ್ಲಿ ನಾಲ್ಕು ಜನ ಆಮೇಲೆ ನಮ್ಮ ಗಿರಾಕಿಗಳಾದರು.

ನಮ್ಮ ಅಂಗಡಿ ಒಂದೇ ಕೋಣೆಯದು. ಗೋಡೆಯುದ್ದಕ್ಕೂ ಶೂ ಹೊಲಿಯುವ ಅಚ್ಚಿನ ಮರದ ಪಾದಗಳು ಸಾಲಾಗಿ ನಿಂತಿವೆ. ಕಿಟಕಿಯ ಕೆಳಗೆ ಬೆಂಚು, ಬೆಂಚಿನ ಮೇಲೆ ದಬ್ಬಳ, ಕತ್ತಿ, ಅಂಟಿನ ಡಬ್ಬಿ. ಬಾಗಿಲ ಹತ್ತಿರ ಗಿರಾಕಿ ಕೂರುವ ಸ್ಟೂಲು. ಶೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದವರನ್ನು ಅಪ್ಪ ತಪ್ಪದೆ ಅಟ್ಟೆಯ, ಅಂದರೆ ಸೋಲಿನ, ಬಗ್ಗೆ ಒಂದು ಪ್ರಶ್ನೆ ಕೇಳುತ್ತಾನೆ: "ಸೋಲು ಒಪ್ತಾ?" ಒಪ್ಪಿತು ಎಂದು ಅವರು ತಲೆಯಾಡಿಸಿದರೆ, "ನಮ್ಮಂಗಡೀಲಿ ಸೋಲೊಪ್ಪಿಕೊಳ್ಳದೆ ಯಾರೂ ಹೊರಗೆ ಹೋಗಲ್ಲ" ಎಂದು ತನ್ನ ಜೋಕಿಗೆ ತಾನೇ ಮೊದಲು ನಗುತ್ತಾನೆ. ಮೂವತ್ತೈದು ವರ್ಷದಿಂದ ಅದೇ ಜೋಕು. ಅಮ್ಮನಿಗೆ ಅದು ಬಂದಾಗಲೆಲ್ಲ ಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತದೆ.

ಗಿರಾಕಿ ಒಪ್ಪಿದ ಮೇಲೆ ಅಪ್ಪ ಶೂ ವಾಪಸ್ ಇಸಿದುಕೊಂಡು, ನಾಲಿಗೆಯ ಒಳಮೈಗೆ ಒಂದು ಪುಟ್ಟ ಹಿತ್ತಾಳೆ ಮುದ್ರೆ ಒತ್ತುತ್ತಾನೆ. ಪಕ್ಕಪಕ್ಕ ಎರಡು ಗೆರೆ, ಎರಡೂ ಒಂದೇ ಉದ್ದ. ಜೋಡಿ ಎಂದು ಅದರ ಅರ್ಥ. ನಾನು ಮಾಡಿದ ಶೂಗೂ ಅವನೇ ಒತ್ತಬೇಕು, ಮುದ್ರೆ ನನ್ನ ಕೈಗೆ ಬಂದದ್ದಿಲ್ಲ. ಚೆನ್ನಾಗಿದೆ ಅನ್ನುವ ಮಾತಂತೂ ಅವನ ಬಾಯಿಂದ ಬಂದದ್ದೇ ಇಲ್ಲ. ಶೂಗೂ ನಾಲಿಗೆ ಇದೆ, ಇವನಿಗೆ ಇಲ್ಲವಲ್ಲ ಎಂದು ಎಷ್ಟೋ ಸಲ ಹಲ್ಲು ಕಚ್ಚಿಕೊಂಡಿದ್ದೇನೆ. ಕೇಳಿದರೆ ಅವನದು ಒಂದೇ ಮಾತು: ಕೈಯಲ್ಲಿ ಹಿಡಿದಾಗ ಅದು ಬರೀ ಚರ್ಮ, ನಡೆದಾಗ ಶೂ, ನಡೆಯುವುದು ನೋಡಿ ಹೇಳ್ತೀನಿ.

ಅಪ್ಪನ ನಡಿಗೆಯ ಬಗ್ಗೆಯೂ ಹೇಳಬೇಕು. ಅವನು ಬೀದಿಯ ತಿರುವಿನಲ್ಲಿ ಬರುವಾಗಲೇ ನಮಗೆ ಗೊತ್ತಾಗುತ್ತದೆ. ಒಂದು ಹೆಜ್ಜೆ ಭಾರ, ಒಂದು ಹಗುರ. ಧಪ್, ಟಕ್. ಧಪ್, ಟಕ್. ಎಡಗಾಲು ಹುಟ್ಟಿನಿಂದಲೇ ಒಂದು ಚೂರು ಗಿಡ್ಡ. ಮನೆಯಲ್ಲಿ ಯಾರೂ ಅದಕ್ಕೆ ಹೆಸರಿಟ್ಟಿಲ್ಲ, ಅದು ಅಪ್ಪನ ನಡಿಗೆ, ಅಷ್ಟೇ.

ಎರಡನೇ ಭಾಗದ ಫೈಟಿಗೆ ಶೂ ಬೇಕೆಂದು ಬೆಕ್ಕು ಅಂಗಡಿಗೆ ಬಂದಾಗ ಅಪ್ಪನ ಕೈತುಂಬ ಆಸ್ಪತ್ರೆಯ ನರ್ಸುಗಳ ಶೂ ಇದ್ದವು. ನೀನೇ ಮಾಡು ಎಂದು ನನ್ನ ಕಡೆ ಗಲ್ಲ ತೋರಿಸಿದ. ನಾನು ಬೆಕ್ಕನ್ನು ಅಂಗಡಿಯಲ್ಲಿ ಹತ್ತು ಸಲ ಆಕಡೆ ಈಕಡೆ ನಡೆಸಿದೆ, ಸ್ಟೂಲಿನ ಮೇಲಿಂದ ಆರು ಸಲ ಕೆಳಗೆ ಹಾರಿಸಿದೆ. ಆರು ಸಲವೂ ಅವನು ಎಡಗಾಲಿನ ಮೇಲೇ ಬಿದ್ದ. ಮೆಟ್ಟಿಲ ಫೈಟಿನಿಂದಲೇ ಆ ಹಿಮ್ಮಡಿ ನೋಯುತ್ತದೆ, ಬೆಳಿಗ್ಗೆ ಎದ್ದರೆ ಕಾಲೂರಲು ಆಗುವುದಿಲ್ಲ ಎಂದು ಬಾಯಿಬಿಟ್ಟ. ಈ ಸಲದ್ದು ಮಾಳಿಗೆಯ ಫೈಟು. ಹತ್ತೊಂಬತ್ತು ಎಣಿಕೆ, ಅಂದರೆ ಹತ್ತೊಂಬತ್ತು ಪಟ್ಟು, ಅದರಲ್ಲಿ ಏಳು ಜಿಗಿತ. ಶೂ ಸದ್ದು ಮಾಡಬಾರದು, ಜಾರಬಾರದು.

ಮೂರು ವಾರ ನಾನು ಊಟ ತಿಂಡಿ ಮರೆತೆ. ನಾಲ್ಕು ಜೊತೆ ಮಾಡಿ ಬಿಚ್ಚಿದೆ. ಐದನೆಯದು ಮುಗಿದಾಗ ಅದರಲ್ಲಿ ಒಂದು ಗುಟ್ಟಿತ್ತು: ಎಡಗಾಲಿನ ಸೋಲಿಗೆ ಮಾತ್ರ ಒಂದು ಪದರ ಹೆಚ್ಚು, ಹಿಮ್ಮಡಿಯಲ್ಲಿ ಮೆತ್ತನೆಯ ಕಂಬಳಿ ಬಟ್ಟೆ. ಹೊರಗಿನಿಂದ ನೋಡಿದರೆ ಗೊತ್ತಾಗದು. ಅಪ್ಪ ಒಂದೊಂದು ಶೂವನ್ನು ಒಂದೊಂದು ಅಂಗೈ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿದ, ತೆರೆದ.

"ಇದು ಜೋಡಿ ಅಲ್ಲ ಕಣೆ," ಅಂದ. "ಒಬ್ಬ ಅಣ್ಣ, ಒಬ್ಬ ತಮ್ಮ."

ಆಮೇಲೆ ನಡೆದದ್ದು ನಮ್ಮ ಬೀದಿಗೆಲ್ಲ ಕೇಳಿಸಿತು. ಬೀಳುವುದು ಎಡಗಾಲಿನ ಮೇಲೆ, ಆ ಕಾಲಿಗೇ ಹೆಚ್ಚು ಕೊಡಬೇಕು ಎಂದು ನಾನು. ಹೆಚ್ಚುಕಮ್ಮಿ ಇರುವ ಶೂ ಹಾಕಿದರೆ ಸರಿ ಇದ್ದವನೂ ಕಾಲೆಳೆದುಕೊಂಡು ನಡೆಯುತ್ತಾನೆ, ಈ ಅಂಗಡಿಯಿಂದ ಮೂವತ್ತೈದು ವರ್ಷದಲ್ಲಿ ಒಂದೂ ಅಂಥದ್ದು ಹೊರಗೆ ಹೋಗಿಲ್ಲ ಎಂದು ಅಪ್ಪ. ಎಲ್ಲ ಕಾಲೂ ಒಂದೇ ಥರ ಇರುತ್ತಾ ಎಂದು ನಾನು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಮುದ್ರೆಯನ್ನು ಎತ್ತಿ ಡ್ರಾಯರಿನಲ್ಲಿ ಹಾಕಿ, ಪರದೆ ಮೇಲೆ ಆ ಕಾಲು ನಡೆಯೋದು ನೋಡ್ತೀನಿ, ಆಮೇಲೆ ಹೇಳ್ತೀನಿ ಅಂದ. ಶೂ ಮುದ್ರೆಯಿಲ್ಲದೆ ಹೋಯಿತು. ಮುದ್ರೆಯಿಲ್ಲದೆ ನಮ್ಮ ಅಂಗಡಿಯ ಹೊಸ್ತಿಲು ದಾಟಿದ ಮೊದಲನೇ ಜೊತೆ ಅದು.

ಹತ್ತು ತಿಂಗಳು ಕಾದೆ. ಬಿಡುಗಡೆಯ ದಿನ ಅಪ್ಪನ ಜೇಬಿನಲ್ಲಿ ಇದ್ದದ್ದು ಆ ಮುದ್ರೆ. ಬೆಳಿಗ್ಗೆ ಅವನು ಕೈ ತೊಳೆಯಲು ಹೋದಾಗ ಡ್ರಾಯರ್ ಎಳೆದು ನೋಡಿದ್ದೆ, ಖಾಲಿ ಇತ್ತು. ಅಂದರೆ ಒತ್ತುವ ಆಸೆ ಅವನಿಗೂ ಇದೆ. ಆ ಖಾಲಿ ಡ್ರಾಯರ್ ನೋಡಿ ನನಗೆ ಕುಣಿಯುವ ಹಾಗಾಗಿತ್ತು.

ಥಿಯೇಟರಿನ ಮುಂದೆ ಹೋಗುವಷ್ಟರಲ್ಲಿ ಸೋದರಮಾವ ಅರ್ಧ ಬೀದಿಯನ್ನು ಕಟ್ಟಿಕೊಂಡು ಬಂದಿದ್ದ. ನಮ್ಮಮ್ಮನ ತಮ್ಮನಾದ ಇವನಿಗೆ ಪ್ರಚಾರ ಅಂತಲೇ ಅಡ್ಡಹೆಸರು. ಗುಟ್ಟು ಹೇಳಿದರೆ ಸಾಕು, ಸಂಜೆಯೊಳಗೆ ಅದು ಗುಟ್ಟಾಗಿರುವುದಿಲ್ಲ. ಎಲ್ಲರೂ ಕಾಲು ನೋಡಿ, ಕಾಲು ಮಾತ್ರ ನೋಡಿ ಎಂದು ಸಾಲಿನುದ್ದಕ್ಕೂ ಪಾಠ ಮಾಡುತ್ತಿದ್ದ. ಒಂದು ಸಾಲು ಪೂರ್ತಿ ನಮ್ಮದೇ. ನಡುವೆ ಅಪ್ಪ, ಅವನ ಎಡಕ್ಕೆ ನಾನು, ಬಲಕ್ಕೆ ಅಮ್ಮ. ದೀಪ ಆರಿತು.

ನಾಯಕ ಬಂದ. ಹೊಗೆ ಬಂತು. ಹೊಗೆಯೊಳಗಿಂದ ಅವನ ಗಲ್ಲ ಬಂತು, ಕನ್ನಡಕ ಬಂತು, ಎದೆ ಬಂತು. ಕಾಲು ಬರಲಿಲ್ಲ. ಇರಲಿ, ಇದು ಬರೀ ಶುರು ಎಂದುಕೊಂಡೆ. ಮೊದಲ ಫೈಟು ಮಾರುಕಟ್ಟೆಯಲ್ಲಿ. ಒಂದು ಮುಷ್ಟಿ ಎದ್ದಿತು, ಅದು ಯಾರಿಗೆ ಬಿತ್ತು ಎಂದು ನೋಡುವುದರೊಳಗೆ ಒಂದು ಬುಟ್ಟಿ ಹಾರಿತು, ಬುಟ್ಟಿ ನೆಲ ಮುಟ್ಟುವುದರೊಳಗೆ ನಾಯಕನ ಕಣ್ಣು, ಕಣ್ಣು ಮಿಟುಕುವುದರೊಳಗೆ ಯಾರದೋ ಬೆನ್ನು. ಕ್ಯಾಮೆರಾ ಹಿಡಿದವನಿಗೆ ಚಳಿಜ್ವರ ಬಂದಿತ್ತೋ ಏನೋ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರಿಗೆ ಹೊಡೆದರು, ದೇವರಿಗೇ ಗೊತ್ತು. ಮೊದಲ ಭಾಗದಲ್ಲಿ ಒಂದು ಏಟು ಬಿದ್ದರೆ ನಮ್ಮ ಪಕ್ಕೆ ನೋಯುತ್ತಿತ್ತು. ಇಲ್ಲಿ ನೂರು ಏಟಿಗೆ ತಲೆನೋವು ಮಾತ್ರ ಬಂತು.

ಅಷ್ಟರಲ್ಲಿ ಇನ್ನೊಂದು ಅನ್ಯಾಯ. ನಾಯಕ ನಡೆದರೆ ಟಕ್, ಟಕ್, ಟಕ್ ಎಂದು ಸದ್ದು. ಕುದುರೆಗೆ ಲಾಳ ಹೊಡೆದು ಕಲ್ಲಿನ ಮೇಲೆ ಓಡಿಸಿದ ಸದ್ದು ಅದು. ನಾನು ಮೂರು ವಾರ ನಿದ್ದೆಗೆಟ್ಟು ಸದ್ದಿಲ್ಲದ ಸೋಲು ಮಾಡಿದರೆ, ಯಾವನೋ ಪುಣ್ಯಾತ್ಮ ಕೂತು ಅದಕ್ಕೆ ಲಾಳ ಕಟ್ಟಿದ್ದ. ನನ್ನ ಕಿವಿಯಿಂದ ಹೊಗೆ ಬರುತ್ತಿತ್ತು. ಅಮ್ಮ ಕತ್ತಲಲ್ಲೇ ಅಪ್ಪನ ಮುಂದಿನಿಂದ ಕೈ ಚಾಚಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಮಾಳಿಗೆ ಫೈಟು ಇನ್ನೂ ಬಂದಿಲ್ಲ, ತಡಿ ಎಂದು ಪಿಸುಗುಟ್ಟಿದಳು.

ಮಾಳಿಗೆ ಫೈಟು ಬಂತು. ನಾನು ಸೀಟಿನ ತುದಿಗೆ ಜರುಗಿದೆ. ಪ್ರಚಾರ ಮಾವ ಎದ್ದೇ ನಿಂತ. ಬೆಕ್ಕು ಹೇಳಿದ ಹತ್ತೊಂಬತ್ತು ಎಣಿಕೆಯನ್ನು ನಾನು ಬಾಯಿಪಾಠ ಮಾಡಿದ್ದೆ. ಒಂದು, ಎರಡು ಎಂದು ಶುರುಮಾಡಿದೆ. ಮೂರಕ್ಕೇ ತಪ್ಪಿಹೋಯಿತು. ಮುಖ, ಆಕಾಶ, ಮುಖ, ಬೆಂಕಿ, ಮುಖ, ಗಾಜು, ಮತ್ತೆ ಮುಖ. ಜಿಗಿಯುವ ಮೊದಲಿನ ಮುಖ, ಜಿಗಿದ ಮೇಲಿನ ಮುಖ, ಜಿಗಿತ ಇಲ್ಲ. ಸೊಂಟದ ಕೆಳಗೆ ಆ ಮನುಷ್ಯನಿಗೆ ಏನೂ ಇರಲಿಲ್ಲ. ದೆವ್ವಕ್ಕಾದರೂ ಹಿಂದುಮುಂದಾದ ಕಾಲಿರುತ್ತದೆ, ಇವನಿಗೆ ಅದೂ ಇಲ್ಲ ಎಂದು ಅಮ್ಮ ಜೋರಾಗಿಯೇ ಅಂದಳು. ಹಿಂದಿನ ಸಾಲಿನವರು ನಕ್ಕರು, ನನಗೆ ಅಳು ಬಂತು. ಅಪ್ಪನ ಕಡೆ ನೋಡಿದೆ. ಅವನ ಕೈ ಜೇಬಿನೊಳಗೇ ಇತ್ತು, ಸಿನಿಮಾ ಮುಗಿದು ದೀಪ ಹತ್ತುವವರೆಗೂ ಅಲ್ಲೇ ಇತ್ತು.

ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಪ್ರಚಾರ ಮಾವ ಜೀವನದಲ್ಲಿ ಮೊದಲ ಸಲ ಯಾರಿಗೂ ಏನೂ ಹೇಳದೆ ಮನೆಗೆ ಹೋದ. ನಾನು ಅಪ್ಪನನ್ನು ಕೇಳಲೇಬೇಕಾಯಿತು, ಈಗೇನು ಹೇಳ್ತೀಯ ಎಂದು.

"ನಾನು ನೋಡಲೇ ಇಲ್ಲವಲ್ಲ," ಅಂದ. "ನೋಡದೆ ಚೆನ್ನಾಗಿಲ್ಲ ಅನ್ನೋದೂ ತಪ್ಪು, ಚೆನ್ನಾಗಿದೆ ಅನ್ನೋದೂ ತಪ್ಪು."

ಧಪ್, ಟಕ್, ಧಪ್, ಟಕ್ ಎಂದು ಮುಂದೆ ನಡೆದ. ಬೈದಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬೆಕ್ಕಿನ ಜೊತೆ ಜಗಳ ಆಡಲೆಂದೇ ಹೊರಟೆ. ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವುದು ಅನ್ನುತ್ತಾರಲ್ಲ, ಅದಕ್ಕೆ ಶೂ ಹೊಲಿಯುವವರ ಮನೆಯವಳಿಗಿಂತ ಯೋಗ್ಯರು ಯಾರು. ಫೈಟರುಗಳು ಕಸರತ್ತು ಮಾಡುವ ಜಾಗ ಒಂದು ಹಳೇ ಗೋದಾಮು. ತಗಡಿನ ಮಾಡು, ಅರ್ಧ ನೆಲಕ್ಕೆ ಚಾಪೆ, ಅರ್ಧಕ್ಕೆ ಹಲಗೆ, ಮೂಲೆಯಲ್ಲಿ ಡಂಬೆಲ್ಲುಗಳು. ಬೆಕ್ಕು ಒಬ್ಬನೇ ಗೋಡೆಗೆ ಒರಗಿ ಕೂತಿದ್ದ. ಬರುತ್ತಾ ಬರುತ್ತಾ ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಅವನ ಮುಖ ನೋಡಿ ಗಂಟಲಲ್ಲೇ ಉಳಿಯಿತು. ಅವನ ತಾಯಿಯೂ ನಿನ್ನೆ ಅದೇ ಸಿನಿಮಾಗೆ ಹೋಗಿದ್ದರಂತೆ. ಮೊದಲ ಭಾಗದಲ್ಲಿ ಮಗನನ್ನು ಬೆನ್ನಿನಿಂದಲೇ ಗುರುತಿಸಿದ ಹೆಂಗಸು, ಈ ಸಲ ಮೂರು ಗಂಟೆ ಹುಡುಕಿ, ನೀನು ಯಾವಾಗ ಬಂದೆಯೋ ಎಂದು ಕೇಳಿದರಂತೆ.

ಆದದ್ದು ಇಷ್ಟು. ನಾಲ್ಕು ದಿನ ಮಾಳಿಗೆ ಮೇಲೆ ಬೆಕ್ಕು ಹತ್ತೊಂಬತ್ತು ಎಣಿಕೆಯನ್ನೂ ಒಂದೇ ಉಸಿರಿನಲ್ಲಿ ಮಾಡಿದ್ದ, ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಸಿನಿಮಾ ಜೋಡಿಸುವಾಗ ನಾಯಕನಿಗೆ ತನ್ನ ಮುಖ ಸಾಲದು ಅನ್ನಿಸಿತು. ಮುಖವನ್ನು ಬೇರೆ ತೆಗೆದು ತಂದು ನಡುನಡುವೆ ತುರುಕಿದರು. ಮುಖ ನಾಯಕನದು, ಕಾಲು ಬೆಕ್ಕಿನದು. ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತಿಲ್ಲ. ಮುಖ ಉಳಿಯಿತು.

ಶೂ ಎಲ್ಲಿ ಎಂದು ಕೇಳಿದೆ. ಕಾಲು ಮುಂದೆ ಚಾಚಿ ತೋರಿಸಿದ. ಅದನ್ನು ಹಾಕಿಕೊಂಡೇ ಕೂತಿದ್ದ. ಹತ್ತು ತಿಂಗಳಿಂದ ಬೇರೆ ಶೂ ಮುಟ್ಟಿಲ್ಲ ಎಂದ. ಹಿಮ್ಮಡಿ ಹೇಗಿದೆ ಎಂದೆ. ಹಿಮ್ಮಡಿ ಒಂದಿತ್ತು ಅನ್ನೋದೇ ಮರೆತುಹೋಗಿದೆ ಅಕ್ಕಾ ಎಂದ. ನನಗೆ ಅವನನ್ನು ಎತ್ತಿ ಗಿರಗಿರ ತಿರುಗಿಸಬೇಕು ಅನ್ನಿಸಿತು. ಅಷ್ಟು ಹೊತ್ತಿಗೆ ತಲೆಯಲ್ಲಿ ದೀಪ ಹತ್ತಿಬಿಟ್ಟಿತ್ತು.

"ಆ ಫೈಟು ನಿನಗಿನ್ನೂ ನೆನಪಿದೆಯಾ?"

"ಫೈಟು ಇರೋದು ಮೈಯಲ್ಲಿ ಅಕ್ಕಾ, ರೀಲಿನ ಡಬ್ಬಿಯಲ್ಲಲ್ಲ," ಅಂದ. "ಭಾನುವಾರ ಯಜಮಾನ್ರನ್ನ ಕರ್ಕೊಂಡು ಬನ್ನಿ."

ಭಾನುವಾರದ ಬೆಳಿಗ್ಗೆ ಅಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಅಮ್ಮನನ್ನು ತಡೆಯುವುದು ಕಷ್ಟವಾಯಿತು. ಕೊನೆಗೆ ತಡೆಯಲೂ ಇಲ್ಲ. ನಾವು ಹೋದಾಗ ಗೋದಾಮಿನಲ್ಲಿ ಒಂಬತ್ತು ಫೈಟರುಗಳು ಕಾಯುತ್ತಿದ್ದರು. ಮಾಳಿಗೆಯ ಬದಲು ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಎರಡಾಳೆತ್ತರದ ಅಟ್ಟ ಕಟ್ಟಿದ್ದರು. ಒಳ್ಳೆಯ ಕುರ್ಚಿ ತಂದುಕೊಟ್ಟರೆ ಅಪ್ಪ ಬೇಡವೆಂದು, ಒಂದು ಗಿಡ್ಡ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕೂತ. ಅಲ್ಲಿಂದ ಅವನ ಕಣ್ಣು ಬೇರೆಯವರ ಮೊಣಕಾಲಿನ ಮಟ್ಟಕ್ಕೆ ಬರುತ್ತಿತ್ತು. ಅಂಗಡಿಯಲ್ಲೂ ಅವನು ಜಗತ್ತನ್ನು ನೋಡುವುದು ಅಷ್ಟೇ ಎತ್ತರದಿಂದ.

ಬೆಕ್ಕು ಅಟ್ಟದ ಮೇಲೆ ನಿಂತ. ಕೆಳಗೆ, ಫೈಟಿಗೆ ಇಳಿಯದ ಹತ್ತನೆಯವನೊಬ್ಬ ಜೋರಾಗಿ ಎಣಿಸತೊಡಗಿದ.

ಒಂದು. ಬೆಕ್ಕು ಒಬ್ಬನ ಕೈ ತಿರುಚಿ ಅವನ ಬೆನ್ನ ಮೇಲಿಂದಲೇ ಉರುಳಿದ. ಎರಡು, ಮೂರು. ಇಬ್ಬರು ಒಟ್ಟಿಗೆ ನುಗ್ಗಿದರು, ಅವರ ನಡುವೆ ಅವನು ಹೇಗೆ ತೂರಿದನೋ, ಹಿಂತಿರುಗಿ ನೋಡುವಾಗ ಆ ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದಿದ್ದರು. ನಾಲ್ಕಕ್ಕೆ ಮೊದಲ ಜಿಗಿತ. ಗಾಳಿಯಲ್ಲಿ ಅವನ ಪೂರ್ತಿ ಮೈ, ಚಾಚಿದ ಎಡಗಾಲು, ನನ್ನ ಕಂದು ಶೂ; ನೆಲ ಮುಟ್ಟಿದಾಗ ಸದ್ದೇ ಇಲ್ಲ. ಏಳು, ಎಂಟು, ಒಂಬತ್ತು. ಈಗ ಎಲ್ಲ ಅರ್ಥವಾಗುತ್ತಿತ್ತು: ಇವನು ಅಲ್ಲಿಂದ ಬಂದ, ಆದ್ದರಿಂದ ಅವನು ಇಲ್ಲಿಗೆ ಜರುಗಿದ, ಜರುಗಿದ್ದರಿಂದ ಹಿಂದಿನವನ ಒದೆ ಮುಂದಿನವನಿಗೆ ಬಿತ್ತು. ಒಂದು ಏಟು ಇನ್ನೊಂದು ಏಟಿಗೆ ಹೊಲಿಗೆ ಹಾಕಿದ ಹಾಗೆ ಕೂಡಿಕೊಂಡು ಬರುತ್ತಿತ್ತು. ಇಂಥದ್ದನ್ನು ತುಂಡು ತುಂಡು ಮಾಡಿದ ಕೈಗೆ ಏನೆನ್ನಬೇಕು. ಅಮ್ಮ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಕುಣಿಯುತ್ತಿದ್ದಳು.

ಹದಿನಾಲ್ಕಕ್ಕೆ ತಪ್ಪಾಯಿತು. ಕೆಳಗೆ ಅವನನ್ನು ಹಿಡಿದು ಚಾಪೆಯ ಕಡೆ ಎಸೆಯಬೇಕಾದ ಫೈಟರು ಬೆವರಿಗೆ ಜಾರಿ ಪಕ್ಕಕ್ಕೆ ಬಿದ್ದ. ಅಟ್ಟದಿಂದ ಆಗಲೇ ಹಾರಿದ್ದ ಬೆಕ್ಕಿಗೆ ಚಾಪೆಯ ಕಡೆ ದಾರಿಯಿಲ್ಲ. ಎಣಿಸುವವನ ಬಾಯಿ ಅಲ್ಲೇ ನಿಂತಿತು. ಎರಡಾಳೆತ್ತರದಿಂದ ಬೆಕ್ಕು ಬರೀ ಹಲಗೆಯ ಮೇಲೆ ಬಂದು ಇಳಿದ. ಎಡಗಾಲಿನ ಮೇಲೆ. ನಾನು ಕಣ್ಣು ಮುಚ್ಚಿಕೊಂಡೆ. ಕಿವಿಗೆ ಬಿದ್ದದ್ದು ದಿಂಬು ಕೆಳಗೆ ಬಿದ್ದಷ್ಟು ಸದ್ದು. ಕಣ್ಣು ಬಿಟ್ಟಾಗ ಅವನು ಹದಿನೈದರಲ್ಲಿದ್ದ. ಎಣಿಸುವವನ ಬಾಯಿ ಓಡಿಹೋಗಿ ಅವನನ್ನು ಹಿಡಿಯಿತು: ಹದಿನಾರು, ಹದಿನೇಳು, ಹದಿನೆಂಟು. ಹತ್ತೊಂಬತ್ತಕ್ಕೆ ಒಂಬತ್ತು ಜನವೂ ನೆಲದ ಮೇಲೆ, ಬೆಕ್ಕು ನಡುವೆ ನಿಂತು ಏದುಸಿರು ಬಿಡುತ್ತಿದ್ದ. ಬಿದ್ದವರೆಲ್ಲ ಮಲಗಿದಲ್ಲೇ ಚಪ್ಪಾಳೆ ತಟ್ಟಿದರು. ಅಮ್ಮ ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಅವಳಿಗೆ ಸಿಳ್ಳೆ ಬರುತ್ತದೆಂದು ನನಗೆ ಮೂವತ್ತಾರನೇ ವಯಸ್ಸಿನಲ್ಲಿ ಗೊತ್ತಾಯಿತು.

ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಗದ್ದಲ ಅಡಗುವವರೆಗೆ ಕಾದು, ಬೆಕ್ಕಿಗೆ ಒಂದು ಕೆಲಸ ಹೇಳಿದ. ಈ ಗೋಡೆಯಿಂದ ಆ ಗೋಡೆಗೆ ಹಲಗೆಯ ಮೇಲೆ ಸುಮ್ಮನೆ ನಡಿ, ಆಯಾಸ ಆದಾಗಲೇ ಕಾಲು ನಿಜ ಹೇಳುತ್ತದೆ ಎಂದ. ಯಾರೂ ಉಸಿರೆತ್ತಬೇಡಿ ಎಂದು ಎಲ್ಲರಿಗೂ ಸನ್ನೆ ಮಾಡಿ, ಕಣ್ಣು ಮುಚ್ಚಿ ತಲೆ ತಗ್ಗಿಸಿದ. ಅವನು ಯಾವುದಕ್ಕೆ ಕಿವಿಕೊಟ್ಟಿದ್ದಾನೆಂದು ನನಗೆ ಗೊತ್ತಿತ್ತು. ಅಣ್ಣ ತಮ್ಮ ಅಂದಿದ್ದನಲ್ಲ. ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಹಗುರ ಬಿದ್ದರೆ ನನ್ನ ಕೆಲಸ ಮುಗಿಯಿತು. ಆ ಸದ್ದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಬೆಕ್ಕು ನಡೆದ. ಪಿಸುಮಾತಿನಷ್ಟು ಸದ್ದು. ಒಂದು, ಇನ್ನೊಂದು. ಒಂದು, ಇನ್ನೊಂದು. ಗೋಡೆ ಮುಟ್ಟಿ ತಿರುಗಿ ಬಂದ. ಯಾವುದು ಎಡ ಯಾವುದು ಬಲ ಎಂದು ನನಗೆ ಹೇಳಲಾಗಲಿಲ್ಲ. ಅಪ್ಪ ಇನ್ನೊಂದು ಸಲ ನಡೆಸಿದ, ಮತ್ತೊಂದು ಸಲ ನಡೆಸಿದ. ಆಮೇಲೆ ಬೆಕ್ಕನ್ನು ಕೂರಿಸಿ ಎಡಗಾಲಿನ ಶೂ ಬಿಚ್ಚಿಸಿಕೊಂಡು, ಸೋಲನ್ನು ಬೆಳಕಿಗೆ ಹಿಡಿದು ನೋಡಿದ. ಹತ್ತು ತಿಂಗಳ ಸವೆತ ಎಲ್ಲ ಕಡೆಯೂ ಸಮನಾಗಿತ್ತು. ಬಲಗಾಲಿನದನ್ನೂ ನೋಡಿದ, ಅದೂ ಹಾಗೇ ಇತ್ತು.

ನನಗೆ ತಡೆಯಲಾಗಲಿಲ್ಲ. ಅವನದೇ ಪ್ರಶ್ನೆಯನ್ನು ಅವನಿಗೇ ಕೇಳಿದೆ.

"ಅಪ್ಪ, ಸೋಲು ಒಪ್ತಾ?"

ಅಪ್ಪ ಮೇಲೆ ನೋಡಿದ. ಮೂವತ್ತೈದು ವರ್ಷದ ಜೋಕಿಗೆ ಅವನು ಈ ಸಲ ಮೊದಲು ನಗಲಿಲ್ಲ.

"ಒಪ್ಪಿಕೊಂಡೆ ಕಣಮ್ಮ," ಅಂದ. "ಸೋಲು ಒಪ್ಪಿಕೊಂಡೆ."

ಜೇಬಿನಿಂದ ಮುದ್ರೆ ತೆಗೆದ. ಕುಡಿಯುವ ನೀರಿನಲ್ಲಿ ಬೆರಳು ಅದ್ದಿ ಶೂವಿನ ನಾಲಿಗೆ ಒದ್ದೆ ಮಾಡಿದ. ಸುತ್ತಿಗೆ ಇರಲಿಲ್ಲ, ಒಬ್ಬ ಫೈಟರು ಓಡಿಹೋಗಿ ಡಂಬೆಲ್ಲು ತಂದ. ಅಪ್ಪ ಮುದ್ರೆಯನ್ನು ನನ್ನ ಕೈಗೆ ಕೊಟ್ಟು, ನೀನೇ ಒತ್ತು ಎಂದ. ನಾನು ಡಂಬೆಲ್ಲು ಎತ್ತಿದ ರಭಸಕ್ಕೆ ಬೆಕ್ಕು ಭಯದಿಂದ ಕಾಲು ಹಿಂದಕ್ಕೆ ಎಳೆದುಕೊಂಡ. ಎರಡು ಶೂಗೂ ಎರಡು ಏಟು. ಎರಡು ಗೆರೆ ಮೂಡಿದವು. ಅಮ್ಮ ನನ್ನ ಬೆನ್ನು ತಟ್ಟಿದ್ದು ಎಷ್ಟು ಜೋರಾಗಿತ್ತೆಂದರೆ ಆ ಫೈಟರುಗಳ ಸಾಲಿನಲ್ಲಿ ಅವಳಿಗೂ ಒಂದು ಜಾಗ ಕೊಡಬಹುದಿತ್ತು.

ಮುದ್ರೆಯನ್ನು ವಾಪಸ್ ಕೊಡಲು ಹೋದರೆ ಅಪ್ಪ ತೆಗೆದುಕೊಳ್ಳಲಿಲ್ಲ. ಬಗ್ಗಿ ತನ್ನ ಎಡಗಾಲಿನ ಶೂವಿನ ದಾರ ಬಿಚ್ಚುತ್ತಿದ್ದ. ತನಗೆ ತಾನೇ ಹೊಲಿದುಕೊಂಡ, ಬಲಗಾಲಿನದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಶೂ. ಅದನ್ನು ಪಕ್ಕಕ್ಕಿಟ್ಟು, ಕಾಲುಚೀಲ ತೆಗೆದ.

"ನಾನು ನಡೆದರೆ ಹಿಂಗೆ ಕೇಳಲ್ಲ, ಅಲ್ವಾ?" ಎಂದು ಕೇಳಿದ, ನೆಲ ನೋಡುತ್ತಾ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು.

ಇಲ್ಲ ಅಪ್ಪ ಎಂದೆ.

"ಹಾಗಾದ್ರೆ ಅಳತೆ ತಗೊ. ನನಗೂ ಒಂದು ಜೊತೆ ಮಾಡು. ಅಣ್ಣ ತಮ್ಮಂದಿರದು."

ಬೆಕ್ಕು ಗೋಡೆಗೆ ಅಂಟಿಸಿದ್ದ ಎರಡನೇ ಭಾಗದ ಪೋಸ್ಟರನ್ನು ಕಿತ್ತು ತಂದು, ನಾಯಕನ ಮುಖ ಕೆಳಗೆ ಮಾಡಿ ಹಲಗೆಯ ಮೇಲೆ ಹಾಸಿದ. ಅದರ ಬಿಳಿ ಬೆನ್ನಿನ ಮೇಲೆ ಅಪ್ಪ ಎಡಪಾದ ಊರಿದ. ಊರಿನವರ ಕಾಲೆಲ್ಲ ಅಳೆದವನ ಕಾಲನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ನಾನು ಮಂಡಿಯೂರಿ ಪೆನ್ಸಿಲನ್ನು ಅಂಗಾಲಿನ ಅಂಚಿಗೆ ಇಟ್ಟ ಕೂಡಲೇ ಅವನು ಕಿಲಕಿಲ ನಗತೊಡಗಿದ, ಕಚಗುಳಿ, ಕಚಗುಳಿ ಎಂದು ಬೆಕ್ಕಿನ ಹೆಗಲು ಹಿಡಿದುಕೊಂಡ. ಅಲ್ಲಾಡಬೇಡ ಎಂದು ಗದರಿಸಿದೆ, ಅವನು ಗಿರಾಕಿಗಳನ್ನು ಗದರಿಸುವ ದನಿಯಲ್ಲೇ. ನನ್ನ ಕಣ್ಣೀರು ಬಿದ್ದು ಗೆರೆ ಎರಡು ಕಡೆ ಮಸುಕಾಯಿತು. ಮನೆಗೆ ಹೋದ ಮೇಲೆ ಇನ್ನೊಂದು ಸಲ ಅಳತೆ ತೆಗೆದುಕೊಳ್ಳಬೇಕಾಯಿತು.